ಸಾಬ್‌ಗೆ ಬೇರೆ ತಾಟು

ವರ್ಷದಲ್ಲಿ ಹತ್ತು ತಿಂಗಳು ದನದ ಡಾಕ್ಟರು, ಎರಡು ತಿಂಗಳು ಸೈನ್ಯದ ಅಧಿಕಾರಿ. ನನ್ನ ದುಡಿಮೆಯ ಕಾಲವೆಲ್ಲ ಹೀಗೇ ಕಳೆಯಿತು. ಹೇಳಿದರೆ ಜನ ನಂಬುತ್ತಿರಲಿಲ್ಲ. ಎಮ್ಮೆಯ ಹಿಂದೆ ಮೊಣಕೈವರೆಗೆ ಕೈ ಹಾಕಿಕೊಂಡು ನಿಂತ ಮನುಷ್ಯನನ್ನು ತೋರಿಸಿ ಇವರು ಮೇಜರ್ ಅಂದರೆ ಯಾರು ತಾನೇ ನಂಬುತ್ತಾರೆ? ಮೀಸಲು ಸೈನ್ಯ ಅಂತ ಒಂದಿದೆ, ಅದರಲ್ಲಿರುವವರಿಗೆಲ್ಲ ಊರಿನಲ್ಲಿ ಬೇರೆ ಕೆಲಸ ಇರುತ್ತದೆ, ವರ್ಷಕ್ಕೊಮ್ಮೆ ಶಿಬಿರಕ್ಕೆ ಹೋಗಿ ಕವಾಯತು ಮಾಡಿ ಬರುತ್ತಾರೆ, ದೇಶಕ್ಕೆ ಬೇಕಾದಾಗ ಕರೆ ಬರುತ್ತದೆ, ಆಗ ಕೈಯಲ್ಲಿ ತಕ್ಕಡಿ ಇರಲಿ, ಬಳಪ ಇರಲಿ, ಕೆಳಗಿಟ್ಟು ಹೊರಡಬೇಕು ಎಂದು ನಾನು ವಿವರಿಸಿ ಮುಗಿಸುವಷ್ಟರಲ್ಲಿ ಕೇಳಿದವರು ಆಕಳಿಸುತ್ತಿದ್ದರು.

ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ನಾನಿದ್ದಾಗ ನಡೆದದ್ದು ಇದು. ಶಿಬಿರ ಮುಗಿಸಿ ಬಂದ ಮೊದಲ ದಿನ ಆಸ್ಪತ್ರೆಗೆ ಕುರಿ ಹೊಡೆದುಕೊಂಡು ಬಂದ ಅಜ್ಜಿಯೊಬ್ಬಳು ಕುರಿಯ ಮಾತು ಬಿಟ್ಟು ನನ್ನ ತಲೆಯನ್ನೇ ದಿಟ್ಟಿಸಿ ನೋಡಿದಳು. ಸೈನ್ಯದ ಕ್ಷೌರಿಕ ಬೆರಳಿಗೆ ಸಿಗುವಷ್ಟೂ ಕೂದಲು ಉಳಿಸಿರಲಿಲ್ಲ.

“ಅಯ್ಯೋ ಡಾಕ್ಟ್ರೇ, ತಲೆ ಬೋಳಿಸ್ಕಂಡೀರಲ್ಲ, ಯಾರು ತೀರಿಕಂಡ್ರು?”

“ಯಾರೂ ಇಲ್ಲಜ್ಜಿ. ಮಿಲ್ಟ್ರಿಗೆ ಹೋಗಿದ್ದೆ.”

“ಹೌದಾ? ಅಲ್ಲೂ ದನ ಅದಾವೇನು?”

ಅಲ್ಲಿಂದೀಚೆಗೆ ನಾನು ವಿವರಿಸುವುದನ್ನೇ ಬಿಟ್ಟುಬಿಟ್ಟೆ.

ನನ್ನನ್ನು ಈ ಎರಡು ದೋಣಿಯ ಮೇಲೆ ನಿಲ್ಲಿಸಿದವನು ನಮ್ಮಣ್ಣ. ನಮ್ಮದು ಚನ್ನಗಿರಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಮನೆ. ಅಪ್ಪ ತೀರಿಕೊಂಡಾಗ ನಾನಿನ್ನೂ ಅಕ್ಷರ ತೀಡುತ್ತಿದ್ದೆ, ಅಣ್ಣನಿಗೆ ಆಗತಾನೇ ಮೀಸೆ ಚಿಗುರುತ್ತಿತ್ತು. ಅವನು ಹತ್ತಿ ಹಿಂಜುವ ಅಪ್ಪನ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಬೀದಿ ಬೀದಿ ತಿರುಗಿದ, ಸಂತೇಬೆನ್ನೂರಿನ ಸಂತೆಯಲ್ಲಿ ಕೂತ, ನನ್ನನ್ನು ಓದಿಸಿದ. ಸಂಜೆ ಮನೆಗೆ ಬಂದಾಗ ಅವನ ಹುಬ್ಬು, ರೆಪ್ಪೆ, ಕಿವಿಗೆಲ್ಲ ಹತ್ತಿಯ ಎಳೆ ಮೆತ್ತಿಕೊಂಡು ಮುದುಕನ ಹಾಗೆ ಕಾಣುತ್ತಿದ್ದ. ಮುಖ ತೊಳೆದು ಬಂದರೆ ಮತ್ತೆ ಹುಡುಗನಾಗುತ್ತಿದ್ದ. ಅವ್ವ ನಮ್ಮಿಬ್ಬರಿಗೂ ಒಂದೇ ದೊಡ್ಡ ತಾಟಿನಲ್ಲಿ ಹಾಕಿಡುತ್ತಿದ್ದಳು. ಎದುರುಬದುರು ಕೂತು, ಆ ದಿನ ಯಾರು ಯಾರಿಗೆ ಏನೆಂದರು ಅನ್ನುವುದನ್ನೆಲ್ಲ ಹೇಳಿಕೊಂಡು ಉಣ್ಣುತ್ತಿದ್ದೆವು. ಅವ್ವ ಹೋದ ಮೇಲೆ ಅತ್ತಿಗೆಯೂ ಹಾಗೇ ನಡೆಸಿಕೊಂಡು ಬಂದಳು. ಒಬ್ಬನೇ ಒಂದು ತಾಟಿನ ಮುಂದೆ ಕೂರುವ ಅಭ್ಯಾಸ ನನಗೆ ಆದದ್ದು ವೆಟರ್ನರಿ ಓದಲು ಹಾಸ್ಟೆಲಿಗೆ ಹೋದಾಗಲೇ. ಅಲ್ಲಿ ಮೊದಲ ವಾರ ನನಗೆ ಅನ್ನ ಸೇರಲಿಲ್ಲ.

ಮಳೆಗಾಲದಲ್ಲಿ ಹತ್ತಿ ತೇವ ಹಿಡಿಯುತ್ತದೆ, ಗಾದಿಯ ಕೆಲಸ ಮಲಗಿಬಿಡುತ್ತದೆ. ಕೈಕಟ್ಟಿ ಕೂರುವುದು ಅಣ್ಣನ ಜಾಯಮಾನವಲ್ಲ. ನಾನು ಕಾಲೇಜಿನಲ್ಲಿದ್ದಾಗ ಅವನು ಮೀಸಲು ಸೈನ್ಯಕ್ಕೆ ಸಿಪಾಯಿಯಾಗಿ ಸೇರಿಕೊಂಡ. ಶಿಬಿರದಿಂದ ಬಂದಾಗಲೆಲ್ಲ ಅವನ ಬಾಯಲ್ಲಿ ಒಂದೇ ಮಾತು, ಸಾಬ್, ಅಂದರೆ ಅವನ ಅಧಿಕಾರಿ. ಸಾಬ್ ನಡೆಯುವ ರೀತಿ, ಸಾಬ್ ನಕ್ಷೆ ನೋಡುವ ರೀತಿ, ಸಿಪಾಯಿಗಳೆಲ್ಲ ಉಂಡರೇ ಎಂದು ಸಾಬ್ ಕೇಳುವ ರೀತಿ. ಕೇಳಿ ಕೇಳಿ ನಮಗೆ ಸಾಕಾಗಿತ್ತು. ನಾನು ಓದು ಮುಗಿಸಿ ನ್ಯಾಮತಿಯಲ್ಲಿ ಕೆಲಸಕ್ಕೆ ಸೇರಿದೆ. ಆಗ ಅದಿನ್ನೂ ತಾಲ್ಲೂಕು ಆಗಿರಲಿಲ್ಲ, ಹೊನ್ನಾಳಿಗೇ ಸೇರಿತ್ತು. ಒಂದು ಭಾನುವಾರ ಅಣ್ಣ ಚನ್ನಗಿರಿಯಿಂದ ಬಸ್ಸು ಬದಲಿಸಿ ಬದಲಿಸಿ ನನ್ನ ಕೋಣೆಗೆ ಬಂದ. ಜೇಬಿನಿಂದ ಮಡಿಸಿದ ಪೇಪರಿನ ತುಂಡು ತೆಗೆದು ಮುಂದೆ ಹಿಡಿದ. ಮೀಸಲು ಸೈನ್ಯಕ್ಕೆ ಅಧಿಕಾರಿಗಳು ಬೇಕಾಗಿದ್ದಾರೆ ಎಂಬ ಜಾಹೀರಾತು.

“ಅರ್ಜಿ ಹಾಕು,” ಅಂದ.

“ನನಗ್ಯಾಕಣ್ಣಾ? ನಾನು ದನ ನೋಡೋನು.”

“ಸಾಬ್ ಆಗಾಕೆ ನಿನಗೇನು ಕಡಿಮೆ ಆಗೈತೆ? ನಮ್ಮ ಪಲ್ಟಣದ ಸಾಬ್‌ಗಳು ನಿನ್ನಷ್ಟು ಓದಿಲ್ಲ, ಗೊತ್ತಾ? ನಾನು ನೋಡೀನಿ ಅವರನ್ನ, ನಿನ್ನನ್ನೂ ನೋಡೀನಿ. ಸುಮ್ನೆ ಹಾಕು.”

ಪಲ್ಟಣ ಅಂದರೆ ಅವನ ಬೆಟಾಲಿಯನ್. ನಾನು ಹಾಕಿದೆ. ಅವನ ಮಾತು ತೆಗೆದುಹಾಕುವ ಅಭ್ಯಾಸ ನನಗಿರಲಿಲ್ಲ. ಪರೀಕ್ಷೆ, ಸಂದರ್ಶನ, ಓಟ, ಎದೆಯಳತೆ ಎಲ್ಲ ದಾಟಿ ನಾನು ಲೆಫ್ಟಿನೆಂಟ್ ಆದ ಸುದ್ದಿ ಬಂದ ದಿನ ಅಣ್ಣ ನಮ್ಮ ಬೀದಿಯ ಮನೆಮನೆಗೂ ಪೇಡೆ ಹಂಚಿದನಂತೆ. ಎಷ್ಟೋ ಅಧಿಕಾರಿಗಳನ್ನು ಎಲ್ಲೆಲ್ಲಿಗೋ ಹಾಕುವ ಸೈನ್ಯ ನನ್ನನ್ನು ಮಾತ್ರ ನೇರ ಅಣ್ಣನ ಪಲ್ಟಣಕ್ಕೇ ಹಾಕಿತು.

ಅಲ್ಲಿಗೆ ಹೋದ ಮೊದಲ ಬೆಳಗ್ಗೆ ಮೈದಾನದಲ್ಲಿ ಸಾಲು ನಿಂತಿತ್ತು. ಅಣ್ಣ ಆಗ ನಾಯಕ್, ತೋಳಿನ ಮೇಲೆ ಎರಡು ಪಟ್ಟಿ. ನಾನು ಸಾಲಿನ ಮುಂದೆ ನಡೆದು ಬರುತ್ತಾ ಅವನ ಹತ್ತಿರ ಬಂದೆ. ಅವನು ಹಿಮ್ಮಡಿ ಜೋಡಿಸಿ ಸಲ್ಯೂಟ್ ಹೊಡೆದ. ಅವನ ಕಣ್ಣು ನನ್ನನ್ನು ದಾಟಿ ಎಲ್ಲೋ ದೂರದ ಧ್ವಜದ ಕಂಬದ ಮೇಲಿತ್ತು. ನಾನು ಏನು ಮಾಡಿದೆನೋ ನನಗೇ ತಿಳಿಯಲಿಲ್ಲ. ಹಬ್ಬದ ದಿನ ನಮಾಜು ಮುಗಿಸಿ ಬಂದು ಅಣ್ಣನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಹಣೆಗೇರಿದ್ದ ಅವನ ಕೈಯನ್ನು ಎಳೆದು ಹಿಡಿದು, ಬಗ್ಗಿ, ಕಣ್ಣಿಗೊತ್ತಿಕೊಂಡುಬಿಟ್ಟೆ. ಹಿಂದೆ ನಿಂತಿದ್ದ ಸುಬೇದಾರರು ಗಂಟಲು ಸರಿಮಾಡಿಕೊಂಡರು.

ಆ ಸಂಜೆ ಅಣ್ಣ ನನ್ನನ್ನು ನೋಡಲು ಬಂದ. ಅನುಮತಿ ಕೇಳಿಯೇ ಒಳಗೆ ಬಂದ. ಕೂರಲಿಲ್ಲ.

“ನಮ್ಮೋರೆಲ್ಲರ ಮುಂದೆ ನನ್ನ ಮಾನ ತೆಗೆದ್ರಿ ಸಾಬ್,” ಅಂದ. “ಆ ಸಲ್ಯೂಟು ಹೊಡೆಯಾಕೆ ನಾನು ಎಷ್ಟು ವರ್ಷದಿಂದ ಕಾದಿದ್ದೆ ಗೊತ್ತೇನು ನಿಮಗೆ? ಅದನ್ನ ಅರ್ಧಕ್ಕೇ ಕಿತ್ಕಂಡ್ರಲ್ಲ.”

ಅವನು ಸಿಟ್ಟಿಗೆದ್ದಿದ್ದ ಅನ್ನುವುದಕ್ಕಿಂತ ಅವನಿಗೆ ನಿಜವಾಗಿ ನೋವಾಗಿತ್ತು ಅನ್ನುವುದು ನನಗೆ ಹೆಚ್ಚು ತಾಗಿತು. ಮರುದಿನ ಮತ್ತೆ ಸಲ್ಯೂಟ್ ಹೊಡೆದ. ನಾನೂ ನೆಟ್ಟಗೆ ನಿಂತು ಹೊಡೆದೆ. ಅವನ ಮೀಸೆಯ ಕೆಳಗೆ ನಗು ಹಾದುಹೋಯಿತು. ವಿಷಯ ತಿಳಿದ ನಮ್ಮ ಕಮಾಂಡಿಂಗ್ ಅಧಿಕಾರಿ ನಮ್ಮಿಬ್ಬರನ್ನೂ ಬೇರೆ ಬೇರೆ ಕಂಪನಿಗಳಿಗೆ ಹಾಕಿದರು. ಪಲ್ಟಣದಲ್ಲಿ ಅಧಿಕಾರಿಗಳ ಊಟ ಮೆಸ್ಸಿನಲ್ಲಿ, ಸಿಪಾಯಿಗಳದು ಲಂಗರ್ ಎಂಬ ತಮ್ಮದೇ ಅಡುಗೆಮನೆಯಲ್ಲಿ. ಅದು ಅಲ್ಲಿನ ಕಟ್ಟಳೆ, ನನಗೂ ತಕರಾರಿರಲಿಲ್ಲ. ಎರಡು ತಿಂಗಳು ತಾನೇ, ಊರಿಗೆ ಹೋದರೆ ಮುಗಿಯಿತು ಅಂದುಕೊಂಡೆ.

ಶಿಬಿರ ಮುಗಿದು ಚನ್ನಗಿರಿಗೆ ಬಂದ ಸ್ವಲ್ಪ ದಿನಕ್ಕೆ ರಂಜಾನ್ ಹಬ್ಬ ಬಂತು. ನಮಾಜು ಮುಗಿಸಿ ಬಂದೆವು, ಕೈ ಹಿಡಿದು ಕಣ್ಣಿಗೊತ್ತಿಕೊಂಡೆ, ಹಾಲು ಶಾವಿಗೆಯ ಸುರಕುಂಬ ಕುಡಿದೆವು. ಮಧ್ಯಾಹ್ನ ಊಟಕ್ಕೆ ಒಳಗೆ ಹೋದರೆ ನಡುಮನೆಯಲ್ಲಿ ಒಂದು ಕುರ್ಚಿ, ಅದರ ಮುಂದೆ ಮೇಜು. ಅದು ಗಾದಿ ಅಂಗಡಿಯ ಲೆಕ್ಕದ ಮೇಜೇ, ಮೇಲೆ ಬಿಳಿ ಬಟ್ಟೆ ಹಾಸಿತ್ತು. ಒಂದೇ ಒಂದು ಹೊಸ ಸ್ಟೀಲ್ ತಾಟು, ಚಮಚ, ಲೋಟ. ಅಣ್ಣ ಬಾಗಿಲ ಪಕ್ಕ ಕೈ ಹಿಂದೆ ಕಟ್ಟಿ ನಿಂತಿದ್ದ.

“ಇದೇನಣ್ಣಾ?”

“ಸಾಬ್ ಊಟ ಮಾಡ್ರಿ. ನಮ್ಮದು ಆಮೇಲೆ ಆಗತೈತೆ.”

ನಾನು ತಮಾಷೆ ಅಂದುಕೊಂಡು ನಕ್ಕೆ. ಅವನು ನಗಲಿಲ್ಲ. ಇದು ಮನೆ, ಇಲ್ಲಿ ನಾನು ನಿನ್ನ ತಮ್ಮ, ಶಿಬಿರ ಮುಗಿದ ಮೇಲೆ ನಾನೂ ಸಾಬ್ ಅಲ್ಲ ನೀನೂ ನಾಯಕ್ ಅಲ್ಲ, ಸೈನ್ಯವೇ ಹಾಗೆ ಹೇಳುತ್ತದೆ ಎಂದೆಲ್ಲ ವಾದಿಸಿದೆ. “ಹೆಗಲ ಮೇಲೆ ನಕ್ಷತ್ರ ಇಟ್ಟದ್ದು ಸರ್ಕಾರ. ಅದನ್ನ ಬಸ್‌ಸ್ಟ್ಯಾಂಡಿನಾಗೆ ತೆಗೆದಿಟ್ಟು ಬರಾಕೆ ಆಗತೈತೇನು?” ಅಂದ. ಅತ್ತಿಗೆ ಅಡುಗೆಮನೆಯಿಂದಲೇ ಕೂಗಿದಳು: “ನಿಮ್ಮಣ್ಣ ಪಲ್ಟಣನ ಹೊತ್ಕಂಡೇ ಮನೆಗೆ ಬಂದಾರೆ. ನನಗೂ ನಾಳೆಯಿಂದ ಕವಾಯತು ಐತೋ ಏನೋ!” ನಾನು ಆ ಕುರ್ಚಿಯ ಮೇಲೆ ಕೂತು, ಹಬ್ಬದ ಊಟವನ್ನು ಒಬ್ಬನೇ ಉಂಡೆ. ಹಾಸ್ಟೆಲಿನ ಮೊದಲ ವಾರದ ಹಾಗೇ ಅನ್ನ ಸೇರಲಿಲ್ಲ.

ಅಲ್ಲಿಂದ ಶುರುವಾಯಿತು. ನನಗೆ ಬಡ್ತಿ ಬಂತು, ವರ್ಗಾವಣೆಗಳಾದವು, ಮದುವೆಯಾಯಿತು, ಮಗಳು ಹುಟ್ಟಿದಳು. ನನಗೆ ಬೇಕಾಗಿದ್ದದ್ದು ಮಾತ್ರ ಒಂದೇ: ಅಣ್ಣನ ಎದುರು ಕೂತು, ಅದೇ ಮೊದಲಿನ ಹಾಗೆ, ಒಂದೇ ತಾಟಿನಲ್ಲಿ ಉಣ್ಣುವುದು. ಇಷ್ಟು ಸಣ್ಣ ಆಸೆಯನ್ನು ಯಾರ ಮುಂದೆ ಹೇಳಿಕೊಳ್ಳುವುದು? ಹೆಂಡತಿಗೆ ಹೇಳಿದರೆ, “ನನ್ನ ಜೊತೆ ಉಣ್ಣಾಕೆ ನಿಮಗೇನು ರೋಗ?” ಎಂದು ಮುನಿಸಿಕೊಂಡಳು.

ಅಣ್ಣನ ಪ್ರೀತಿ ಕಡಿಮೆಯಾಗಿತ್ತು ಎಂದಲ್ಲ. ಒಂದು ಸಲ ನಮ್ಮ ಪಲ್ಟಣಕ್ಕೆ ಕರೆ ಬಂದು, ಹಿಮ ಬೀಳುವ ಗುಡ್ಡಗಳಲ್ಲಿ ಬಹಳ ಕಾಲ ಇರಬೇಕಾಯಿತು. ನಾನು ಮಳೆಗೇ ನಡುಗುವವನು. ಅಲ್ಲಿಗೆ ಹೋದ ಕೆಲವು ದಿನಕ್ಕೆ ಕರ್ತವ್ಯ ಮುಗಿಸಿ ಬಂದು ನೋಡಿದರೆ ನನ್ನ ಮಂಚದ ಮೇಲೆ ಹೊಸ ರಜಾಯಿ. ಯಾರು ಇಟ್ಟರು ಎಂದರೆ ಯಾರಿಗೂ ಗೊತ್ತಿಲ್ಲ. ಮೂಲೆಗಳನ್ನು ಒಳಗೆ ಮಡಚಿ ಹೊಲಿಯುವ, ನಮ್ಮಪ್ಪನಿಂದ ಅಣ್ಣನಿಗೆ ಬಂದ ಕೈಗುರುತು ನನಗೆ ಗೊತ್ತಾಗದೇ ಇರುತ್ತದೆಯೇ? ಆ ಗುಡ್ಡದಲ್ಲಿ ಹತ್ತಿ ಎಲ್ಲಿ ಸಿಕ್ಕಿತೋ, ಹಿಂಜಲು ಬಿಡುವು ಯಾವಾಗ ಸಿಕ್ಕಿತೋ. ಮರುದಿನ ದಾರಿಯಲ್ಲಿ ಎದುರಾದಾಗ ನಾನು ಏನೋ ಹೇಳಲು ಬಾಯಿ ತೆರೆದೆ. ಅವನು ಸಲ್ಯೂಟ್ ಹೊಡೆದು, ಅಲ್ಲಿ ಧ್ವಜದ ಕಂಬವಿಲ್ಲದ್ದಕ್ಕೆ ಗುಡ್ಡವನ್ನೇ ನೋಡುತ್ತಾ ಮುಂದೆ ಹೋದ. ಅವನ ಮೇಲೆ ನನಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ಅಳುವೂ ಬಂತು.

ಕ್ಯಾಪ್ಟನ್ ಆದ ವರ್ಷ ನನ್ನ ತಾಳ್ಮೆ ಕೆಟ್ಟಿತು. ಅಷ್ಟರಲ್ಲಿ ಅಣ್ಣನೂ ಹವಾಲ್ದಾರನಾಗಿದ್ದ. ಬಕ್ರೀದ್ ಹಬ್ಬ. ಅದೇ ಕುರ್ಚಿ, ಅದೇ ಮೇಜು, ಬಾಗಿಲ ಪಕ್ಕ ಅದೇ ಅಣ್ಣ. ನಾನು ಎದ್ದು ನಿಂತು, ಮೈದಾನದಲ್ಲಿ ಕೂಗುವ ದನಿಯಲ್ಲಿ, “ಹವಾಲ್ದಾರ್! ಇದು ನನ್ನ ಹುಕುಂ. ಇಲ್ಲಿ ಕೂತು ನನ್ನ ತಾಟಿನಲ್ಲಿ ಊಟ ಮಾಡು,” ಎಂದೆ.

ಅಣ್ಣ ಬಂದು ಕೂತ. ಬೆನ್ನು ಕಂಬದ ಹಾಗೆ ನೆಟ್ಟಗಿತ್ತು. ಗೋಡೆ ನೋಡುತ್ತಾ ತುತ್ತು ಎತ್ತಿ ಬಾಯಿಗಿಟ್ಟ, ಅಗಿದ, ನುಂಗಿದ, ಮತ್ತೆ ಎತ್ತಿದ. ಉಪ್ಪು ಹೆಚ್ಚೋ ಕಡಿಮೆಯೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ನಾನು ಒಂದು ತುತ್ತೂ ಮುಟ್ಟದೆ ನೋಡುತ್ತಿದ್ದೆ. ತನ್ನ ಕಡೆಯ ಅನ್ನ ಖಾಲಿಯಾದ ಮೇಲೆ, “ಏಳಬಹುದಾ ಸಾಬ್?” ಅಂದ. ನಾನು ತಲೆಯಾಡಿಸಿದೆ. ಅವನು ಎದ್ದು ಹಿತ್ತಲಿಗೆ ಹೋದ. ಅತ್ತಿಗೆ ನನ್ನ ಮುಂದೆ ಬಂದು ನಿಂತಳು. ಎಂದೂ ನನಗೆ ಗದರದವಳು ಅವತ್ತು ಗದರಿದಳು.

“ಬೇರೆ ಏನಾರ ಹೇಳ್ರಿ ಅವರಿಗೆ. ಅನ್ನದಾಗೆ ಮಾತ್ರ ಹುಕುಂ ಕಲಸಬ್ಯಾಡ್ರಿ.”

ಮತ್ತೆಂದೂ ಕಲಸಲಿಲ್ಲ.

ಅಣ್ಣ ಹವಾಲ್ದಾರನಾಗಿಯೇ ನಿವೃತ್ತನಾದ. ಪಲ್ಟಣದಲ್ಲಿ ಬಡಾ ಖಾನಾ ಎಂಬ ಒಂದು ಪದ್ಧತಿಯಿದೆ. ಆ ಒಂದು ದಿನ ಅಧಿಕಾರಿಗಳೂ ಸಿಪಾಯಿಗಳೂ ಒಟ್ಟಿಗೆ ಉಣ್ಣುತ್ತಾರೆ, ಅಧಿಕಾರಿಗಳೇ ಸೌಟು ಹಿಡಿದು ಬಡಿಸುತ್ತಾರೆ. ಅಣ್ಣನನ್ನು ಬೀಳ್ಕೊಡುವ ಬಡಾ ಖಾನಾ ಬಂದಾಗ, ಆಗಿನ್ನೂ ಹೊಸದಾಗಿ ಮೇಜರ್ ಆಗಿದ್ದ ನಾನು ಮನಸ್ಸಿನಲ್ಲೇ ಹೊಂಚು ಹಾಕಿದೆ. ಕಟ್ಟಳೆಯೇ ಒಪ್ಪುವ ದಿನ, ಇವನಿಗೆ ಇನ್ನು ಯಾವ ನೆವ ಉಳಿಯುತ್ತದೆ ಎಂದು. ಬಡಿಸುತ್ತಾ ಬಡಿಸುತ್ತಾ ಅವನ ಹತ್ತಿರ ಬಂದೆ, ಅನ್ನ ಹಾಕಿದೆ, “ಸಾಕು ಸಾಬ್,” ಅಂದ. ಸೌಟು ಕೆಳಗಿಟ್ಟು ಅವನ ಪಕ್ಕ ಜಾಗ ಮಾಡಿಕೊಳ್ಳುವಷ್ಟರಲ್ಲಿ ಅತಿಥಿಯಾಗಿ ಬಂದಿದ್ದ ಜನರಲ್ ಸಾಹೇಬರು ಆ ತುದಿಯಿಂದ ನನ್ನನ್ನು ಕರೆದರು. ಅವರ ಮನೆಯ ನಾಯಿಗೆ ಕಜ್ಜಿಯಾಗಿತ್ತು. ಅದಕ್ಕೆ ಯಾವ ಮುಲಾಮು ಹಚ್ಚಬೇಕು ಎಂದು ಅವರು ವಿಚಾರಿಸಿ ಮುಗಿಸುವ ಹೊತ್ತಿಗೆ ಅಣ್ಣ ಕೈ ತೊಳೆದಾಗಿತ್ತು.

ನಿವೃತ್ತನಾದ ಮೇಲಾದರೂ ಬದಲಾಗುತ್ತಾನೆ ಅಂದುಕೊಂಡಿದ್ದೆ. “ನಾನು ಬಿಟ್ಟೆ, ನೀವು ಬಿಟ್ಟಿಲ್ಲವಲ್ಲ,” ಅಂದ. ಪಟ್ಟು ಬಿಡದ ಮನುಷ್ಯ. ಆ ಪಟ್ಟಿನಿಂದಲೇ ನನ್ನನ್ನು ಓದಿಸಿದವನು, ಬೈಯಲೂ ನನಗೆ ಬಾಯಿ ಬರುತ್ತಿರಲಿಲ್ಲ.

ನಾನು ಹೊನ್ನಾಳಿಯಲ್ಲಿದ್ದಾಗ ಅವನಿಗೆ ಒಂದು ಸಲ ಎದೆನೋವು ಬಂತು. ದಾವಣಗೆರೆಯ ಆಸ್ಪತ್ರೆಯಲ್ಲಿ ಕೆಲವು ದಿನ ಮಲಗಿ ಎದ್ದು ಬಂದ. ಎದ್ದನೇನೋ ಹೌದು, ಆದರೆ ನನಗೆ ಭಯ ಹಿಡಿಯಿತು. ಅದೇ ಹೊತ್ತಿಗೆ ನನಗೆ ಕರ್ನಲ್ ಪದವಿ ಕೊಡುವ ಮಾತು ಬಂದಿತ್ತು. ಒಪ್ಪಿದರೆ ಇನ್ನೂ ಕೆಲವು ವರ್ಷ ಸಮವಸ್ತ್ರ ಬಿಡುವ ಹಾಗಿಲ್ಲ. ಬೇಡ ಅಂದರೆ ಅಷ್ಟಕ್ಕೇ ಮುಗಿಸಿ ಮನೆಗೆ ಹೋಗಬಹುದು. ನಾನು ಬೇಡ ಅನ್ನುವುದೆಂದೇ ತೀರ್ಮಾನಿಸಿದೆ. ಅಣ್ಣನ ಎದೆ ಎಷ್ಟು ದಿನ ಗಟ್ಟಿಯಾಗಿರುತ್ತದೋ ಯಾರಿಗೆ ಗೊತ್ತು? ಈ ಹೆಗಲಿನ ನಕ್ಷತ್ರ ಹೊತ್ತುಕೊಂಡು ನಾನು ಕಾಯುತ್ತಾ ಕೂರಬೇಕೆ?

ಹೇಗೋ ಅವನಿಗೆ ಸುದ್ದಿ ಮುಟ್ಟಿತು. ನನ್ನ ಹೆಂಡತಿಯೇ ಹೇಳಿರಬೇಕು. ಇನ್ನೂ ಸರಿಯಾಗಿ ಮೆಟ್ಟಿಲು ಹತ್ತಲಾರದವನು ಹೊನ್ನಾಳಿಯ ಬಸ್ಸು ಹತ್ತಿ ಬಂದ. ಬರುವಾಗ ಬಸ್ಸಿನ ಮೇಲೆ ಒಂದು ಗಾದಿಯನ್ನೂ ಹೇರಿಕೊಂಡು ಬಂದಿದ್ದ, ಕ್ವಾರ್ಟರ್ಸಿನ ಹಾಸಿಗೆ ಸಾಬ್‌ನ ಬೆನ್ನಿಗೆ ಒಳ್ಳೆಯದಲ್ಲವಂತೆ.

“ಯಾಕೆ ಬ್ಯಾಡ ಅಂತೀರಂತೆ?”

ನಾನು ಮುಚ್ಚುಮರೆ ಮಾಡಲಿಲ್ಲ. “ನಿನ್ನ ಜೊತೆ ಕೂತು ಉಣ್ಣಬೇಕು ನಾನು. ಅಷ್ಟೇ. ಇನ್ನು ಕಾಯಾಕೆ ನನ್ನ ಕೈಲಿ ಆಗಲ್ಲ.”

ಅವನ ಮುಖ ಕೆಂಪಾಯಿತು. ಎದೆಯ ಮೇಲೆ ಕೈಯಿಟ್ಟುಕೊಂಡ. ನಾನು ಗಾಬರಿಯಾಗಿ ಹಿಡಿಯಲು ಹೋದರೆ ಕೈ ಕೊಡವಿದ.

“ನನ್ನ ಜೊತೆ ಉಣ್ಣಾಕೆ ಕರ್ನಲ್ ಬಿಡ್ತೀರಾ? ಪಿಂಜಾರ ಓಣಿಯಿಂದ ಒಬ್ಬ ಕರ್ನಲ್ ಆಗ್ತಾನಂದ್ರೆ ಅದೇನು ಹುಡುಗಾಟನಾ? ನಾನು ಹತ್ತಿ ಧೂಳು ಕುಡಿದಿದ್ದು ಯಾತಕ್ಕೆ? ನೀವು ಬಿಟ್ರೆ, ಕೇಳ್ರಿ ಸಾಬ್, ನಿಮ್ಮ ಮನೆ ನೀರೂ ಮುಟ್ಟಲ್ಲ ನಾನು.”

ಹೇಳಿ, ಕುಸಿದು ಕೂತ. ತಾನೇ ತಂದ ಗಾದಿಯ ಮೇಲೆ. ನಾನು ಅವನ ಮುಂದೆ ನೆಲದ ಮೇಲೆ ಕೂತೆ. ಅವನಿಗೆ ನಾನು ಎತ್ತರದಲ್ಲಿರಬೇಕು, ನನಗೆ ಅವನು ಎದುರಿನಲ್ಲಿರಬೇಕು. ಇಬ್ಬರ ಆಸೆಯೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದು, ಒಂದಕ್ಕೊಂದು ಆಗಿಬರಲಿಲ್ಲ. ಕೊನೆಗೆ ನಾನೇ ಸೋತೆ. ಕರ್ನಲ್ ಆದೆ. ಹೊಸ ಪಟ್ಟಿ ಹಾಕಿಕೊಂಡು ಚನ್ನಗಿರಿಗೆ ಬಂದಾಗ ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬ್ಯಾಗು ಕಿತ್ತುಕೊಂಡು, ಬೇಕೆಂದೇ ದೊಡ್ಡ ಬೀದಿಯನ್ನು ಬಳಸಿ ನನ್ನನ್ನು ಮನೆಗೆ ಕರೆದೊಯ್ದ. ಅಷ್ಟು ಖುಷಿಯಾಗಿದ್ದವನನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಮನೆಗೆ ಹೋದ ಮೇಲೆ ಕುರ್ಚಿ, ಮೇಜು, ಬೇರೆ ತಾಟು.

ವರ್ಷಗಳು ಉರುಳಿದವು. ಅಲ್ಲಾನ ದಯೆ, ಅಣ್ಣನ ಎದೆ ಗಟ್ಟಿಯಾಗಿ ನಿಂತಿತು. ನಾನು ಎರಡೂ ಕೆಲಸದಿಂದ ನಿವೃತ್ತನಾದೆ. ಅಣ್ಣನ ಬೀದಿಯಲ್ಲೇ ಸಣ್ಣದೊಂದು ಮನೆ ಕಟ್ಟಿಸಿದೆ. ಸೈನ್ಯದಿಂದ ಬಂದ ಮೊದಲ ದಿನ, ಮದುವಣಿಗನ ಹಾಗೆ ಸ್ನಾನ ಮಾಡಿ ಬಿಳಿ ಜುಬ್ಬಾ ಹಾಕಿಕೊಂಡು ಅಣ್ಣನ ಮನೆಗೆ ಊಟಕ್ಕೆ ಹೋದೆ. ಒಳಗೆ ಕಾಲಿಟ್ಟವನು ಹಾಗೇ ನಿಂತೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು.

“ಅಣ್ಣಾ, ಮುಗೀತಲ್ಲ ಎಲ್ಲ!”

“ಕೆಲಸ ಮುಗೀತು. ಕರ್ನಲ್ ಅನ್ನೋದು ಮುಗಿಯಲ್ಲ ಸಾಬ್. ಸಾಯೋತನಕ ಹೆಸರಿನ ಮುಂದೆ ಇರತೈತೆ. ನಿಮಗೇ ಗೊತ್ತಲ್ಲ.”

ಗೊತ್ತಿತ್ತು. ಅದು ನಿಜವೂ ಆಗಿತ್ತು. ನಾನು ಕುರ್ಚಿಯ ಮೇಲೆ ಕೂತೆ. ಚಮಚ ಹಿಡಿದೆ. ಇನ್ನು ಇದು ಆಗುವ ಮಾತಲ್ಲ ಎಂದು ಅವತ್ತು ಆಸೆಯನ್ನು ಬಿಟ್ಟುಬಿಟ್ಟೆ. ಬಿಟ್ಟೆ ಎಂದು ಹೇಳುವುದು ಸುಲಭ. ಆಮೇಲೆ ಆರೇಳು ತಿಂಗಳು ನಾನು ಏನಾದರೊಂದು ನೆವ ಹೇಳಿ ಅವನ ಮನೆಯ ಊಟ ತಪ್ಪಿಸಿಕೊಳ್ಳುತ್ತಿದ್ದೆ.

ನಿವೃತ್ತನಾದರೂ ದನದ ಡಾಕ್ಟರನ್ನು ಜನ ಬಿಡುವುದಿಲ್ಲ. ಹೋದ ವರ್ಷ ಬಸವಾಪಟ್ಟಣದಿಂದ ಒಬ್ಬರು ಬಂದು, ಎಮ್ಮೆ ಮೇವು ಮುಟ್ಟುತ್ತಿಲ್ಲ, ಕೆಚ್ಚಲು ಬಾತಿದೆ, ನೀವೇ ಬಂದು ನೋಡಬೇಕು ಎಂದು ಬೈಕಿನ ಮೇಲೆ ಕೂರಿಸಿಕೊಂಡು ಹೋದರು. ಕೆಚ್ಚಲು ಮುಟ್ಟಿದ್ದೇ ತಡ, ಆ ಎಮ್ಮೆ ಒಮ್ಮೆಗೇ ಪಕ್ಕಕ್ಕೆ ವಾಲಿತು. ನನ್ನ ಬಲಗೈ ಅದರ ಪಕ್ಕೆಗೂ ಕೊಟ್ಟಿಗೆಯ ಕಂಬಕ್ಕೂ ನಡುವೆ ಸಿಕ್ಕಿಕೊಂಡಿತು. ಮಣಿಕಟ್ಟಿನ ಮೂಳೆ ಮುರಿಯಿತು. ಗಡಿಯಲ್ಲಿ ಒಂದು ಗೀರು ಬೀಳಿಸಿಕೊಳ್ಳದೆ ಬಂದ ಕರ್ನಲನನ್ನು ಎಮ್ಮೆ ಮುರಿದು ಹಾಕಿದ ಸುದ್ದಿ ನಾನು ಪ್ಲಾಸ್ಟರ್ ಹಾಕಿಸಿಕೊಂಡು ಬರುವ ಮೊದಲೇ ಚನ್ನಗಿರಿಯಲ್ಲೆಲ್ಲ ಹರಡಿತ್ತು.

ಹೆಂಡತಿ ಮಗಳ ಬಾಣಂತನಕ್ಕೆಂದು ಶಿವಮೊಗ್ಗದಲ್ಲಿದ್ದಳು. ಅತ್ತಿಗೆ ನನ್ನನ್ನು ತಮ್ಮ ಮನೆಗೇ ಕರೆಸಿಕೊಂಡಳು. ಮಧ್ಯಾಹ್ನ ಊಟದ ಹೊತ್ತು. ನೋವಿಗೆ ಕೊಟ್ಟ ಮಾತ್ರೆಯ ಮಂಪರು ಇನ್ನೂ ಇಳಿದಿರಲಿಲ್ಲ. ಹಳೆಯ ಮೇಜು, ಬೇರೆ ತಾಟು, ಬಿಸಿ ಅನ್ನ, ಮಾಂಸದ ಸಾರು. ಬಲಗೈ ಕುತ್ತಿಗೆಗೆ ತೂಗುಬಿದ್ದಿತ್ತು. ನಾನು ಎಡಗೈಯಲ್ಲಿ ಚಮಚ ಎತ್ತಿಕೊಂಡು ಒಂದು ತುತ್ತು ಬಾಯಿಯ ಹತ್ತಿರ ತಂದೆ.

ಕೈಯ ಮೇಲೆ ಫಟ್ಟನೆ ಏಟು ಬಿತ್ತು. ಚಮಚ ನೆಲಕ್ಕೆ ಬಿದ್ದು ಅನ್ನ ಚೆಲ್ಲಿತು.

“ಏ! ಎಡಗೈಯಾಗೆ ಉಣ್ತೀಯಾ? ಯಾರು ಕಲಿಸಿದ್ದೋ ನಿನಗೆ?”

ಅಣ್ಣ. ಬಾಗಿಲ ಪಕ್ಕ ನಿಂತಿದ್ದವನು ಯಾವಾಗ ಬಂದನೋ. ನಮ್ಮ ಮನೆಯಲ್ಲಿ ಎಡಗೈಯಿಂದ ಅನ್ನ ಮುಟ್ಟುವುದು ದೊಡ್ಡ ತಪ್ಪು, ಎಷ್ಟು ಸಣ್ಣ ಮಗುವಾದರೂ ಬಿಡುವುದಿಲ್ಲ. ಅವನ ಕಣ್ಣು ನೆಟ್ಟಗೆ ನನ್ನ ಮುಖದ ಮೇಲಿತ್ತು.

“ಕೈ ಮುರಿದೈತೆ ಕಣಣ್ಣಾ...”

“ಮುರಿದ್ರೆ? ಮನೆಯಾಗೆ ಯಾರೂ ಇಲ್ವಾ? ನಾನೇನು ಸತ್ತೀನಾ?”

ತಾಟನ್ನು ಎತ್ತಿ ನೆಲಕ್ಕಿಟ್ಟ. ನನ್ನ ಎಡತೋಳು ಹಿಡಿದು ಕುರ್ಚಿಯಿಂದ ಇಳಿಸಿ ಎದುರಿಗೆ ಕೂರಿಸಿಕೊಂಡ. ಕೈ ತೊಳೆದು ಬಂದು ಅನ್ನಕ್ಕೆ ಸಾರು ಸುರಿದು ಕಲಸಿದ. ಒಂದು ತುತ್ತು ನನ್ನ ಬಾಯಿಗಿಟ್ಟ. ನಾನು ಅಗಿಯುವಾಗ, ಏನೂ ಯೋಚಿಸದೆ, ಮುಂದಿನ ತುತ್ತನ್ನು ತಾನು ಹಾಕಿಕೊಂಡ. ಆಮೇಲೆ ನನಗೆ. ಆಮೇಲೆ ತಾನು. ನಡುವೆ ಎಮ್ಮೆಗೆ ಬೈದ, ಎಮ್ಮೆಯ ಮಾಲೀಕನಿಗೆ ಬೈದ, ಈ ವಯಸ್ಸಿನಲ್ಲಿ ಕೆಚ್ಚಲು ಮುಟ್ಟಲು ಹೋದ ನನಗೆ ಎಲ್ಲರಿಗಿಂತ ಹೆಚ್ಚು ಬೈದ. ಎಷ್ಟು ವರ್ಷ 'ನೀವು' ಅಂದಿದ್ದನೋ, ಅಷ್ಟೂ ವರ್ಷದ 'ನೀನು' ಒಟ್ಟಿಗೆ ಬಂತು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತವಳು ಒಂದು ಮಾತೂ ಆಡಲಿಲ್ಲ. ಆಡಿದರೆ ಎಲ್ಲಿ ಅವನಿಗೆ ನೆನಪಾಗಿಬಿಡುತ್ತದೋ ಎಂದು ಅವಳಿಗೂ ಭಯ, ನನಗೂ ಭಯ. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

“ಖಾರ ಆಗೈತಾ?” ಅಂದ.

“ಹ್ಞೂಂ,” ಅಂದೆ.

ಪ್ಲಾಸ್ಟರ್ ಇದ್ದಷ್ಟು ದಿನವೂ ಎರಡು ಹೊತ್ತೂ ಹೀಗೇ ನಡೆಯಿತು. ಮೇಜಿನ ಮೇಲೆ ಅತ್ತಿಗೆ ಒಗೆದ ಬಟ್ಟೆ ಒಟ್ಟಿದಳು. ಅಣ್ಣ ಅಂಗಡಿಯಿಂದ ಬರುವುದನ್ನು ನಾನು ಹುಡುಗನ ಹಾಗೆ ಹೊಸಿಲಲ್ಲಿ ಕೂತು ಕಾಯುತ್ತಿದ್ದೆ. ಕೊನೆಗೆ ಪ್ಲಾಸ್ಟರ್ ತೆಗೆಸುವ ದಿನ ಬಂತು. ಅಣ್ಣನೂ ದಾವಣಗೆರೆಗೆ ಜೊತೆಯಲ್ಲಿ ಬಂದ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಚೆನ್ನಾಗಿ ಕೂಡಿಕೊಂಡಿದೆ, ಇವತ್ತು ಬಿಚ್ಚಿಬಿಡೋಣ ಎಂದರು. ಬೆರಳು ಆಡಿಸಿದೆ. ಬೇಕೆಂದೇ ಮುಖ ಕಿವಿಚಿದೆ.

“ಡಾಕ್ಟ್ರೇ, ಇನ್ನೂ ನೋವೈತೆ. ಇನ್ನೊಂದು ವಾರ ಇರಲಿ ಬಿಡ್ರಿ.”

“ನೋವಿರಬಾರದಲ್ಲ ಸಾರ್...” ಅವರು ಮತ್ತೆ ಎಕ್ಸ್‌ರೇ ಎತ್ತಿಕೊಂಡರು.

ಬೆಂಚಿನ ಮೇಲೆ ಕೂತಿದ್ದ ಅಣ್ಣ ನನ್ನನ್ನೇ ನೋಡುತ್ತಿದ್ದ. ಚಿಕ್ಕಂದಿನಲ್ಲಿ ಹೊಟ್ಟೆನೋವು ಎಂದು ಸುಳ್ಳು ಹೇಳಿ ಶಾಲೆ ತಪ್ಪಿಸಿದವನನ್ನು ಬಲ್ಲವನು ಅವನೊಬ್ಬನೇ. ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. ಪದವಿಯ ನಕ್ಷತ್ರಗಳಿರುತ್ತಿದ್ದ ಜಾಗದ ಮೇಲೇ.

“ಬಿಚ್ರಿ ಡಾಕ್ಟ್ರೇ, ಅವನಿಗೆ ನೋವೂ ಇಲ್ಲ ಏನೂ ಇಲ್ಲ,” ಅಂದ. ಆಮೇಲೆ ನನ್ನ ಕಡೆ ತಿರುಗಿ, “ಬಿಚ್ಚಿಸ್ಕಾ. ನಾನೇನು ಎದ್ದು ಓಡಿ ಹೋಗಲ್ಲ. ಜಲ್ದಿ ಮುಗಿಸು, ಹಸ್ತೈತೆ ನನಗೆ. ನಿಮ್ಮತ್ತಿಗೆ ಒಂದೇ ತಾಟಿನಾಗೆ ಹಾಕಿಟ್ಟು ಕಾಯ್ತಿರ್ತಾಳೆ,” ಅಂದ.